ದೂರಿತ್ತವರ ಕೆಲಸ

ಮೇಲಧಿಕಾರಿಯ ಕಿರುಕುಳದ ಬಗ್ಗೆ ದೂರಿತ್ತ ನೌಕರನ ಕೈಗೆ ಕೆಲವೇ ದಿನಗಳಲ್ಲಿ ವಜಾ ಆದೇಶ ಬರುವುದುಂಟು. ಅದರಲ್ಲಿ ‘ಅಶಿಸ್ತು’ ಎಂದಿರುತ್ತದೆ. ದೂರಿನ ಸುಳಿವೇ ಇರುವುದಿಲ್ಲ. ಸೇಡನ್ನು ಸಾಬೀತುಪಡಿಸುವುದು ಹೇಗೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಪ್ರಶ್ನೆ ಹೊಸತಲ್ಲ. ಭಾರತದ ಕಾರ್ಮಿಕ ಕಾನೂನಿಗೂ ಹೊಸತಲ್ಲ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಮಾಲೀಕನ ಮನಸ್ಸನ್ನು ಕೆದಕುವ ಬದಲು ಕಾಲವನ್ನು ಗಮನಿಸಿತು. ವಿವಾದವೊಂದು ನ್ಯಾಯಮಂಡಳಿಯ ಮುಂದಿರುವಾಗ, ಅದರಲ್ಲಿ ತೊಡಗಿದ ಕಾರ್ಮಿಕನನ್ನು ಮನಬಂದಂತೆ ತೆಗೆಯಕೂಡದೆಂದು 33ನೆಯ ಕಲಮು ತಡೆಯೊಡ್ಡಿತು. ಈ ತಡೆಯನ್ನು ಮಾಲೀಕ ಮೀರಿದರೆ ಕಾರ್ಮಿಕನೇ ನೇರವಾಗಿ ಮಂಡಳಿಗೆ ದೂರು ಕೊಡುವ ಹಕ್ಕು 1950ರಲ್ಲಿ ಸೇರಿದ 33ಎ ಕಲಮಿನಿಂದ ದೊರೆಯಿತು. 1965ರಲ್ಲಿ 2ಎ ಕಲಮು ಬಂದ ಮೇಲೆ, ಸಂಘದ ಬೆಂಬಲವಿಲ್ಲದ ಒಬ್ಬಂಟಿಯ ವಜಾವೂ ಕೈಗಾರಿಕಾ ವಿವಾದವೆನಿಸಿತು. ವಜಾ ನ್ಯಾಯವಲ್ಲವೆಂದು ಕಂಡರೆ ಅದನ್ನು ರದ್ದುಗೊಳಿಸುವ ಇಲ್ಲವೆ ಶಿಕ್ಷೆಯನ್ನು ತಗ್ಗಿಸುವ ಅಧಿಕಾರವನ್ನು 1971ರ 11ಎ ಕಲಮು ಮಂಡಳಿಗಿತ್ತಿತು. ಅದೇ ವರ್ಷದ ಮಹಾರಾಷ್ಟ್ರ ಕಾಯ್ದೆಯು ಸೇಡಿನ ವಜಾವನ್ನು ‘ಅನುಚಿತ ಕಾರ್ಮಿಕ ವರ್ತನೆ’ಗಳ ಸಾಲಿಗೆ ಸೇರಿಸಿತು.

ಒಂದು ಸಂದೇಹ ಉಳಿದಿತ್ತು. ವಿವಾದಕ್ಕೆ ಸಂಬಂಧಿಸದ ದುರ್ನಡತೆಗಾಗಿ ವಜಾ ಮಾಡುವುದಾದರೂ ಮಾಲೀಕನು ಒಂದು ತಿಂಗಳ ಸಂಬಳ ಕೊಟ್ಟು ಮಂಡಳಿಯ ಅನುಮೋದನೆ ಕೋರಬೇಕಿತ್ತು. ಕೋರದೆ ಹೋದರೆ? 2002ರಲ್ಲಿ, ಜೈಪುರ ಜಿಲ್ಲಾ ಸಹಕಾರಿ ಭೂಮಿ ವಿಕಾಸ ಬ್ಯಾಂಕಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥಗೊಳಿಸಿತು. ತೀರ್ಪು ಬರೆದವರು ಕನ್ನಡಿಗರೇ ಆದ ಶಿವರಾಜ ವಿ. ಪಾಟೀಲರು. ಅನುಮೋದನೆಯಿಲ್ಲದ ವಜಾ ಊರ್ಜಿತವಾಗದು, ನೌಕರ ಸೇವೆಯಲ್ಲೇ ಇದ್ದಂತೆ. ಅದಕ್ಕಾಗಿ ಅವನು ಬೇರೆ ದೂರು ಹೂಡಬೇಕಿಲ್ಲ. ಕಾನೂನು ಮುರಿದವನಿಗೆ ಅದರಿಂದಲೇ ಲಾಭವಾಗಬಾರದೆಂಬುದು ಇದರ ತಿರುಳು.

ಆದರೆ ಈ ರಕ್ಷೆಗೆ ಎಲ್ಲೆಯಿತ್ತು. ವ್ಯವಸ್ಥಾಪಕ ಹುದ್ದೆಯವರು ಈ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಾಗಿರಲಿಲ್ಲ. ಮಂಡಳಿಯವರೆಗೆ ಹೋಗದ, ಕಚೇರಿಯ ಕಡತದಲ್ಲೇ ಉಳಿದ ದೂರಿಗೆ 33ನೆಯ ಕಲಮಿನ ನೆರಳಿರಲಿಲ್ಲ. ಲೈಂಗಿಕ ಕಿರುಕುಳದ ಮಟ್ಟಿಗೆ, ದೂರಿತ್ತವರೂ ಸಾಕ್ಷಿಗಳೂ ಬಲಿಪಶುಗಳಾಗದಂತೆ ನೋಡಿಕೊಳ್ಳಬೇಕೆಂದು 1997ರ ವಿಶಾಖಾ ತೀರ್ಪು ವಿಧಿಸಿತು. ಬೈಗುಳ, ಅವಮಾನ, ಮೂಲೆಗುಂಪು ಮಾಡುವಿಕೆಗಳ ಬಗ್ಗೆ ಬಾಯಿಬಿಟ್ಟವರಿಗೆ ಅಷ್ಟು ನೇರವಾದ ಮಾತು ಸಿಕ್ಕಲಿಲ್ಲ. ಅವರು ದೂರಿನ ದಿನಾಂಕವನ್ನೂ ವಜಾದ ದಿನಾಂಕವನ್ನೂ ಅಕ್ಕಪಕ್ಕದಲ್ಲಿಟ್ಟು ಸೇಡನ್ನು ತೋರಿಸಿಕೊಡಬೇಕಾಗುತ್ತದೆ. ನಮ್ಮಲ್ಲಿ ಅನೇಕರು ಬಾಯಿಮಾತಿನಲ್ಲೇ ಅಳಲು ತೋಡಿಕೊಂಡು ಸುಮ್ಮನಾಗುತ್ತೇವೆ; ಹಾಗೆ ಸುಮ್ಮನಾದಾಗ ಆ ಮೊದಲ ದಿನಾಂಕವೇ ನಮ್ಮ ಕೈತಪ್ಪುತ್ತದೆ.