ಗಾಲ್ಫ್ ಬಯಲೂ ಕರಾರುಪತ್ರವೂ: ಮಿಷನ್ ಹಿಲ್ಸ್ ಊರಿನ ಚರಿತ್ರೆ

ಅಮೆರಿಕದ ನಡುನಾಡಿನಲ್ಲಿ ಮಿಸೂರಿ, ಕ್ಯಾನ್ಸಸ್ ಎಂಬ ಎರಡು ರಾಜ್ಯಗಳ ಗಡಿಯು ಒಂದೆಡೆ ರಸ್ತೆಯಾಗಿಯೇ ಸಾಗುತ್ತದೆ. ಅದರ ಪೂರ್ವಕ್ಕೆ ಕ್ಯಾನ್ಸಸ್ ಸಿಟಿ ಮಹಾನಗರ. ಪಶ್ಚಿಮಕ್ಕೆ, ಕ್ಯಾನ್ಸಸ್ ರಾಜ್ಯದ ನೆಲದಲ್ಲಿ, ಮಿಷನ್ ಹಿಲ್ಸ್ ಎಂಬ ಪುಟ್ಟ ಊರು. ವಿಸ್ತೀರ್ಣ ಸುಮಾರು ಎರಡು ಚದರ ಮೈಲಿ, ಎಂದರೆ 1,280 ಎಕರೆ. 2010ರ ಜನಗಣತಿಯಲ್ಲಿ ನಿವಾಸಿಗಳು 3,498 ಮಂದಿ. ಊರಿನಲ್ಲಿ ಅಂಗಡಿಬೀದಿ ಇಲ್ಲ, ಕಾರ್ಖಾನೆ ಇಲ್ಲ. ಇರುವುದು ದೊಡ್ಡ ಮನೆಗಳು, ಬಳುಕಿ ಸಾಗುವ ರಸ್ತೆಗಳು, ಮೂರು ಗಾಲ್ಫ್ ಸಂಘಗಳ ಬಯಲುಗಳು. ಹದಿನೆಂಟು ಕುಳಿಗಳ ಒಂದು ಬಯಲಿಗೆ ನೂರು ಎಕರೆಗೂ ಮಿಕ್ಕ ನೆಲ ಬೇಕೆಂಬುದನ್ನು ನೆನೆದರೆ, ಈ ಊರಿನಲ್ಲಿ ಆಟಕ್ಕೆ ಬಿಟ್ಟ ಪಾಲು ಎಷ್ಟೆಂಬುದು ತಾನಾಗಿ ತಿಳಿಯುತ್ತದೆ. ಇಂತಹ ಊರು ಹೇಗೆ ಹುಟ್ಟಿತು, ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ನಾವಿಲ್ಲಿ ವಿಚಾರಿಸಬಯಸುತ್ತೇವೆ.

ಊರಿನ ಕರ್ತೃ ಜೆಸ್ಸಿ ಕ್ಲೈಡ್ ನಿಕಲ್ಸ್ (1880–1950). ಕ್ಯಾನ್ಸಸ್‌ನ ಒಲೇಥದಲ್ಲಿ ಹುಟ್ಟಿ, ಆ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿಯೂ ಹಾರ್ವರ್ಡಿನಲ್ಲಿಯೂ ಓದಿದವನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈತನು ಕ್ಯಾನ್ಸಸ್ ಸಿಟಿಯ ದಕ್ಷಿಣದಂಚಿನಲ್ಲಿ ಅಲ್ಪಸ್ವಲ್ಪ ನೆಲ ಕೊಂಡು ನಿವೇಶನಗಳ ವ್ಯಾಪಾರ ಆರಂಭಿಸಿದನು. ಅಲ್ಲಿಗೆ ಸಮೀಪದಲ್ಲಿ, ವಾರ್ಡ್ ಮನೆತನದ ಹುಲ್ಲುಗಾವಲಿನಲ್ಲಿ, 1896ರಲ್ಲಿ ಸ್ಥಾಪಿತವಾದ ಕ್ಯಾನ್ಸಸ್ ಸಿಟಿ ಕಂಟ್ರಿ ಕ್ಲಬ್ಬಿನ ಗಾಲ್ಫ್ ಬಯಲಿತ್ತು. ನಿಕಲ್ಸ್ ತನ್ನ ಬಡಾವಣೆಗಳ ಸಮೂಹಕ್ಕೆ ಅದರ ಹೆಸರನ್ನೇ ಇಟ್ಟು 'ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್' ಎಂದು ಕರೆದನು. ಇದು ಬರಿಯ ಜಾಹೀರಾತಿನ ಜಾಣ್ಮೆಯಲ್ಲವೆಂಬುದು ನಮ್ಮ ಅಭಿಪ್ರಾಯ. ಮನೆ ಕೊಳ್ಳುವ ಸಿರಿವಂತನಿಗೆ ದೊಡ್ಡ ಅಂಜಿಕೆಯೊಂದಿರುತ್ತದೆ: ನಾಳೆ ನೆರೆಯ ನೆಲದಲ್ಲಿ ಏನು ಏಳುವುದೋ! ಪಕ್ಕದಲ್ಲಿ ಸಂಘದ ಬಯಲಿದ್ದರೆ ಆ ಅಂಜಿಕೆಗೆ ಎಡೆಯಿಲ್ಲ. ಆ ಹಸುರನ್ನು ಸಾಕುವ ವೆಚ್ಚವೂ ಸಂಘದ ಸದಸ್ಯರದೇ.

1914ರಲ್ಲಿ ನಿಕಲ್ಸ್ ಗಡಿರಸ್ತೆಯನ್ನು ದಾಟಿ ಮಿಷನ್ ಹಿಲ್ಸ್‌ನ ಕೆಲಸ ಆರಂಭಿಸಿದನು. ರಸ್ತೆ, ತೋಟ, ನಿವೇಶನಗಳ ವಿನ್ಯಾಸಕ್ಕೆ ಹೇರ್ ಅಂಡ್ ಹೇರ್ ಎಂಬ ತಂದೆಮಕ್ಕಳ ಸಂಸ್ಥೆ ನೆರವಾಯಿತು. ಅವರು ಗುಡ್ಡಗಳನ್ನು ಸಮಮಾಡದೆ, ದಿಣ್ಣೆಗಳ ಬಾಗಿಗೆ ತಕ್ಕಂತೆ ರಸ್ತೆಗಳನ್ನು ಬಾಗಿಸಿದರು. ಬ್ರಷ್ ಕ್ರೀಕ್ ಹಳ್ಳದ ತಗ್ಗು ಗಾಲ್ಫಿಗೆ ಸಂದಿತು. ಮಳೆನೀರು ಉಕ್ಕುವ ತಗ್ಗಿನಲ್ಲಿ ಮನೆ ಕಟ್ಟುವುದು ಕಷ್ಟ, ಚೆಂಡು ಹೊಡೆಯಲು ಅಡ್ಡಿಯಿಲ್ಲ; ಮಾರಲಾಗದ ನೆಲವು ಸುತ್ತಲ ನೆಲದ ಬೆಲೆಯನ್ನು ಏರಿಸುವ ಸಾಧನವಾಯಿತು. 1926ರಲ್ಲಿ ಹಳೆಯ ಕಂಟ್ರಿ ಕ್ಲಬ್ಬೇ ತನ್ನ ಬಯಲನ್ನು ಬಿಟ್ಟು ಮಿಷನ್ ಹಿಲ್ಸ್‌ಗೆ ಬಂದಿತು. ಅದು ತೊರೆದ ಜಾಗ ಲೂಸ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಾಯಿತು. ಅಂತರ್ಯುದ್ಧ ಕಾಲದಲ್ಲಿ, 1864ರಲ್ಲಿ, ವೆಸ್ಟ್‌ಪೋರ್ಟ್ ಕದನ ನಡೆದ ನೆಲವೂ ಅದೇ.

ಹೆಸರಿನ ಮಾತನ್ನೂ ಇಲ್ಲಿ ಆಡಬೇಕು. ಮೆಥಡಿಸ್ಟ್ ಪಾದ್ರಿಗಳು ಶಾನೀ ಮೊದಲಾದ ಮೂಲನಿವಾಸಿ ಜನಾಂಗಗಳ ಮಕ್ಕಳಿಗಾಗಿ 1839ರಲ್ಲಿ ತೆರೆದ ಶಾಲೆಯೊಂದು ಸಮೀಪದಲ್ಲಿತ್ತು. 'ಮಿಷನ್' ಎಂಬುದು ಅದರ ನೆನಪು. ಆ ಜನರನ್ನು ಅಲ್ಲಿಂದ ಎಬ್ಬಿಸಿ ಎಷ್ಟೋ ವರ್ಷಗಳಾದ ಮೇಲೆ ಟೊಮಹಾಕ್ ಎಂಬ ರಸ್ತೆ, ಇಂಡಿಯನ್ ಹಿಲ್ಸ್ ಎಂಬ ಗಾಲ್ಫ್ ಸಂಘ ಹುಟ್ಟಿದವು.

ಆದರೆ ಈ ಊರಿನ ನಿಜವಾದ ಬೇಲಿ ಇದ್ದುದು ಕ್ರಯಪತ್ರದಲ್ಲಿ. ರಸ್ತೆಯಿಂದ ಮನೆ ಎಷ್ಟು ಅಡಿ ಹಿಂದಿರಬೇಕು, ಕಟ್ಟುವ ವೆಚ್ಚ ಕನಿಷ್ಠ ಎಷ್ಟಿರಬೇಕು ಎಂಬ ಷರತ್ತುಗಳ ಜೊತೆಗೆ ಮತ್ತೊಂದು ಷರತ್ತಿತ್ತು: 'ನೀಗ್ರೋ'ಗಳೆಂದು ಆ ಪತ್ರಗಳು ಕರೆದ ಕಪ್ಪುಜನರು ಆ ಸ್ವತ್ತಿನ ಒಡೆಯರಾಗಲೀ ನಿವಾಸಿಗಳಾಗಲೀ ಆಗತಕ್ಕದ್ದಲ್ಲ. ಇಂತಹ ಕರಾರು ಬೇರೆ ಊರುಗಳಲ್ಲಿಯೂ ಇತ್ತು. ಸಾಮಾನ್ಯವಾಗಿ ಅದಕ್ಕೊಂದು ಅವಧಿಯಿದ್ದು, ಅದು ತೀರಿದೊಡನೆ ಕರಾರೂ ತೀರುತ್ತಿತ್ತು. ನಿಕಲ್ಸ್ ಇದನ್ನು ತಿರುಗಿಸಿದನು. ಅವಧಿ ಮುಗಿಯುವುದಕ್ಕೆ ಬಹು ಮುಂಚೆಯೇ ಬಹುಮತದ ಒಡೆಯರು ಬರೆದು ಬೇಡವೆನ್ನದಿದ್ದರೆ, ಕರಾರು ತಾನಾಗಿಯೇ ಮುಂದುವರಿಯುವುದು. ಸುಮ್ಮನಿದ್ದವರೆಲ್ಲರೂ ಒಪ್ಪಿದಂತಾಯಿತು. ಕರಾರುಗಳನ್ನು ಕಾಯಲು ಮನೆಯೊಡೆಯರ ಸಂಘಗಳಿದ್ದವು. ನಿಕಲ್ಸ್‌ನನ್ನು ಬರಿಯ ದುರುಳನೆಂದು ಚಿತ್ರಿಸುವುದು ಸುಲಭ. ಆದರೆ ಆತನ ಕಾಲದಲ್ಲಿ ಆತನು ನಗರ ಯೋಜನೆಯ ಮೇಲ್ಪಂಕ್ತಿ. 1926ರಲ್ಲಿ ಅಧ್ಯಕ್ಷ ಕೂಲಿಜ್ ಆತನನ್ನು ರಾಜಧಾನಿಯ ಉದ್ಯಾನ ಮತ್ತು ಯೋಜನಾ ಆಯೋಗಕ್ಕೆ ನೇಮಿಸಿದನು. 1930ರ ದಶಕದಲ್ಲಿ ಫೆಡರಲ್ ಸರಕಾರದ ಗೃಹಸಾಲ ಇಲಾಖೆಯ ಕೈಪಿಡಿಯೇ ಇಂತಹ ಕರಾರುಗಳನ್ನು ಶಿಫಾರಸು ಮಾಡಿತು. ಒಬ್ಬ ವ್ಯಾಪಾರಿಯ ಪದ್ಧತಿಯಾಗಿದ್ದುದು ಹೀಗೆ ರಾಷ್ಟ್ರದ ನೀತಿಯಾಯಿತು. ನಮಗೆ ಹೆಚ್ಚು ಗಂಭೀರವಾಗಿ ತೋರುವುದು ಇದೇ.

1948ರಲ್ಲಿ 'ಶೆಲ್ಲಿ ವಿರುದ್ಧ ಕ್ರೇಮರ್' ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ತೀರ್ಪಿತ್ತಿತು. ಮಿಷನ್ ಹಿಲ್ಸ್ ಪ್ರತ್ಯೇಕ ಪೌರಾಡಳಿತದ ಊರಾದುದು ಅದರ ಮರುವರ್ಷ, 1949ರಲ್ಲಿ. ಒಂದು ಇನ್ನೊಂದರ ಫಲವೆಂದು ನಾವು ಹೇಳುವುದಿಲ್ಲ. ಮನೆ ಮಾರುವಲ್ಲಿ, ಬಾಡಿಗೆಗೆ ಕೊಡುವಲ್ಲಿ ವರ್ಣಭೇದ ಮಾಡುವುದನ್ನು ಶಾಸನವು ನಿಷೇಧಿಸಿದ್ದು 1968ರಲ್ಲಿ.

ಮನೆಗಳ ಬಾಗಿಲಿಗೆ ಕಾನೂನು ಬಂದರೂ ಸಂಘದ ಬಾಗಿಲು ಬೇರೆಯೇ ಆಗಿತ್ತು. 1990ರಲ್ಲಿ, ತೆರಿಗೆಲೆಕ್ಕದ ಪ್ರಸಿದ್ಧ ಸಂಸ್ಥೆಯ ಸ್ಥಾಪಕರಲ್ಲೊಬ್ಬರೂ ಯಹೂದಿಗಳೂ ಆದ ಹೆನ್ರಿ ಬ್ಲಾಕ್ ಅವರಿಗೆ ಕ್ಯಾನ್ಸಸ್ ಸಿಟಿ ಕಂಟ್ರಿ ಕ್ಲಬ್ಬಿನಲ್ಲಿ ಸದಸ್ಯತ್ವ ದೊರೆಯಲಿಲ್ಲ. ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಟಾಮ್ ವಾಟ್ಸನ್ ಆ ಕ್ಲಬ್ಬಿನ ಸದಸ್ಯ. ಆತನು ಇದನ್ನು ಪ್ರತಿಭಟಿಸಿ ರಾಜೀನಾಮೆಯಿತ್ತನು. ಅಲಬಾಮದ ಶೋಲ್ ಕ್ರೀಕ್ ಕ್ಲಬ್ಬು ಕಪ್ಪುಜನರನ್ನು ಸೇರಿಸಿಕೊಳ್ಳದ ವಿಚಾರ ಅದೇ ವರ್ಷ ದೇಶದ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಗಿದ್ದಿತು. ವಾಟ್ಸನ್ನನ ನಡೆಗೆ ಆ ಹಿನ್ನೆಲೆಯಿದೆ. ಮುಂದೆ ಬ್ಲಾಕ್ ಅವರಿಗೆ ಸದಸ್ಯತ್ವ ದೊರೆಯಿತು, ವಾಟ್ಸನ್ ಹಿಂದಿರುಗಿದನು.

2020ರ ಜೂನ್ ತಿಂಗಳಲ್ಲಿ ಕ್ಯಾನ್ಸಸ್ ಸಿಟಿಯ ಉದ್ಯಾನ ಮಂಡಲಿಯು ನಗರದ ಖ್ಯಾತ ಕಾರಂಜಿಯೊಂದರಿಂದಲೂ ಅದರ ಪಕ್ಕದ ಹೆದ್ದಾರಿಯಿಂದಲೂ ನಿಕಲ್ಸ್‌ನ ಹೆಸರನ್ನು ತೆಗೆಯಲು ನಿರ್ಣಯಿಸಿತು. ಹೆದ್ದಾರಿ ಈಗ ಮಿಲ್ ಕ್ರೀಕ್ ಪಾರ್ಕ್‌ವೇ. ಮಿಷನ್ ಹಿಲ್ಸ್ ಗಡಿರಸ್ತೆಯ ಆಚೆಗಿದ್ದುದರಿಂದ ಆ ನಿರ್ಣಯದ ವ್ಯಾಪ್ತಿಗೆ ಸೇರಲಿಲ್ಲ.