ಫ್ರೋಜನ್ ಬಟಾಣಿ: ದುಬಾರಿ ಡಬ್ಬಿ ಅಗ್ಗವಾದ ಕಥೆ

ತಿಂಗಳ ಕೊನೆ. ಫ್ರಿಜ್ ಬಾಗಿಲು ತೆಗೀತೀರಿ. ಬಾಡಿದ ಬೀನ್ಸ್, ಮೆತ್ತಗಾದ ಕ್ಯಾರೆಟ್. ಹೋದ ವಾರ ದುಡ್ಡು ಕೊಟ್ಟು ತಂದಿದ್ದು ಇವತ್ತು ಕಸದ ಬುಟ್ಟಿಗೆ. ರೂಮ್ ಮಾಡ್ಕೊಂಡು ಇರೋರಿಗೆಲ್ಲ ಇದು ಗೊತ್ತಿರೋ ಸಂಕಟ, ಅಲ್ವಾ? ಇದಕ್ಕೊಂದು ಪರಿಹಾರ ಸಿಕ್ಕ ಕಥೆಯನ್ನ ಇವತ್ತು ಕೇಳೋಣ.

1912ರಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನೋ ಅಮೆರಿಕದ ಯುವಕ ಕೆನಡಾದ ಲ್ಯಾಬ್ರಡಾರ್‌ಗೆ ಹೋದ. ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಆ ಭೀಕರ ಚಳಿಗೆ ನೋಡನೋಡುತ್ತಲೇ ಕಲ್ಲಾಗ್ತಿತ್ತು. ತಿಂಗಳುಗಳ ನಂತರ ಬೇಯಿಸಿದರೂ ರುಚಿ ಕೆಟ್ಟಿರ್ತಿರಲಿಲ್ಲ. ಕಾರಣ ಸರಳ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹಿಮದ ಹರಳುಗಳಾಗಿ ಜೀವಕೋಶಗಳನ್ನ ಹರಿದುಬಿಡ್ತವೆ. ಕರಗಿದಾಗ ಎಲ್ಲ ಮುದ್ದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿ ಕಡಿಮೆ.

ಇನ್ಯುಯಿಟ್ ಜನರಿಗೆ ತಲೆತಲಾಂತರದಿಂದ ಗೊತ್ತಿದ್ದ ಈ ವಿದ್ಯೆಯನ್ನ ಬರ್ಡ್ಸ್‌ಐ ಯಂತ್ರಕ್ಕೆ ಇಳಿಸಿದ. 1929ರಲ್ಲಿ ಅವನ ಕಂಪನಿ, ಪೇಟೆಂಟ್ ಎಲ್ಲ ಸೇರಿ 2.2 ಕೋಟಿ ಡಾಲರ್‌ಗೆ ಮಾರಾಟವಾಯ್ತು. 1930ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ 18 ಅಂಗಡಿಗಳಲ್ಲಿ ಬಟಾಣಿ, ಪಾಲಕ್, ಹಣ್ಣು, ಮೀನು, ಮಾಂಸದ ಫ್ರೋಜನ್ ಡಬ್ಬಿಗಳು ಬಂದವು.

ಆದರೆ ಜನ ಮುಗಿಬೀಳಲಿಲ್ಲ. ಆರ್ಥಿಕ ಕುಸಿತದ ಕಾಲ, ಡಬ್ಬಿಯ ಬೆಲೆ ಜಾಸ್ತಿ. ಅಂಗಡಿಗಳಲ್ಲಿ ಫ್ರೀಜರ್ ಇಲ್ಲ, ಮನೆಗಳಲ್ಲಂತೂ ಇಲ್ಲವೇ ಇಲ್ಲ. ಚಿತ್ರ ಬದಲಾಗಿದ್ದು ಎರಡನೇ ಮಹಾಯುದ್ಧದಲ್ಲಿ. ತವರವೆಲ್ಲ ಸೈನ್ಯಕ್ಕೆ ಹೋಗಿ ತವರದ ಡಬ್ಬಿಯ ಆಹಾರಕ್ಕೆ ಅಭಾವ ಬಂತು. ಫ್ರೋಜನ್ ತರಕಾರಿಗೆ ರಟ್ಟಿನ ಡಬ್ಬಿಯೇ ಸಾಕಿತ್ತು. ಯುದ್ಧ ಮುಗಿದ ಮೇಲೆ ಮನೆಮನೆಗೂ ಫ್ರೀಜರ್ ಬಂತು. ಶ್ರೀಮಂತರ ಡಬ್ಬಿ ಮಾಮೂಲಿ ಸಂಸಾರದ ಅಡುಗೆಮನೆ ಸೇರಿತು.

ನಮಗೂ ಈ ಯೋಚನೆ ಹೊಸದೇನಲ್ಲ. ಬಾಳಕದ ಮೆಣಸಿನಕಾಯಿ, ಕರಾವಳಿಯ ಉಪ್ಪುನೀರಿನ ಹಲಸಿನ ಸೊಳೆ, ಎಲ್ಲವೂ ಸೀಸನ್ನಿನ ಅಗ್ಗವನ್ನ ಮಳೆಗಾಲಕ್ಕೆ ದಾಟಿಸೋ ಉಪಾಯಗಳೇ. ಸಂಕ್ರಾಂತಿ ಹೊತ್ತಿನ ಅವರೆಕಾಳನ್ನ ಹಿತಕಿ ಫ್ರೀಜರ್‌ಗೆ ಹಾಕೋ ಬೆಂಗಳೂರಿನ ಅಮ್ಮಂದಿರು ಮಾಡ್ತಿರೋದೂ ಅದೇ.

ಈಗ ಲೆಕ್ಕಕ್ಕೆ ಬರೋಣ. ಸಿಪ್ಪೆ ಸಮೇತ ಒಂದು ಕಿಲೋ ಬಟಾಣಿ ತಂದರೆ ಕಾಳು ಸಿಗೋದು ಸುಮಾರು ಅರ್ಧ ಕಿಲೋ. ಕಿಲೋಗೆ 80 ರೂಪಾಯಿ ಅಂದ್ಕೊಳ್ಳಿ, ಕಾಳಿಗೆ ಬಿದ್ದಿದ್ದು 160. ಫ್ರೋಜನ್ ಪ್ಯಾಕೆಟ್ಟಿನ ಬೆಲೆಯನ್ನ ಹೋಲಿಸಬೇಕಾಗಿದ್ದು ಈ 160ರ ಜೊತೆ. ಬೇಕಾದಷ್ಟೇ ತೆಗೆದು ಉಳಿದಿದ್ದನ್ನ ಮತ್ತೆ ಇಡಬಹುದು ಅನ್ನೋದು ಇನ್ನೊಂದು ಉಳಿತಾಯ.

ಹಾಗಂತ ಎಲ್ಲವನ್ನೂ ಫ್ರೋಜನ್ ತರಬೇಡಿ. ಚಳಿಗಾಲದಲ್ಲಿ ತಾಜಾ ಬಟಾಣಿಯೇ ಅಗ್ಗ. ಸೊಪ್ಪು, ಟೊಮೆಟೊ, ಈರುಳ್ಳಿ ಗಾಡಿಯವರ ಹತ್ರವೇ ತಗೊಳ್ಳಿ. ಗಂಟೆಗಟ್ಟಲೆ ಕರೆಂಟ್ ಹೋಗೋ ಊರಾದರೆ ದೊಡ್ಡ ಪ್ಯಾಕೆಟ್ ಬೇಡ. ಪೂರ್ತಿ ಕರಗಿದ್ದನ್ನ ಮತ್ತೆ ಹೆಪ್ಪುಗಟ್ಟಿಸಿದರೆ ಅದೇ ದೊಡ್ಡ ಹರಳು, ಅದೇ ಮುದ್ದೆ.

ಮುಂದಿನ ಸಲ ಪಲಾವ್‌ಗೆ ಬಟಾಣಿ ಹಾಕುವಾಗ ಲ್ಯಾಬ್ರಡಾರ್‌ನ ಆ ಮೀನನ್ನ ನೆನೆಸಿಕೊಳ್ಳಿ. ಮತ್ತೆ ಸಿಗೋಣ.