ಶರಣಸತಿ–ಲಿಂಗಪತಿ ಭಾವ

ಭಕ್ತ ತಾನು ಸತಿ, ಲಿಂಗವೇ ಪತಿ ಎಂದು ನಂಬಿ ನಡೆಯುವ ವೀರಶೈವ ಸಾಧನೆಯ ನಿಲುವು. 12ನೆಯ ಶತಮಾನದ ವಚನಗಳಲ್ಲಿ ಇದು ಪೂರ್ಣರೂಪ ಪಡೆಯಿತು. ಷಟ್‌ಸ್ಥಲ ಸಿದ್ಧಾಂತದಲ್ಲಿ ಇದರ ನೆಲೆ ಐದನೆಯದಾದ ಶರಣಸ್ಥಲ. ಅದರಾಚೆಗೆ ಉಳಿಯುವುದು ಐಕ್ಯವೊಂದೇ. ಶರಣರಲ್ಲಿ ಗಂಡಸಾಗಲಿ ಹೆಂಗಸಾಗಲಿ, ಲಿಂಗದೆದುರು ಎಲ್ಲರೂ ಹೆಣ್ಣೇ.

ದೇವರನ್ನು ನಲ್ಲನೆಂದು ಕಾಣುವ ಬಗೆ ವಚನಕಾರರಿಗಿಂತ ಹಳೆಯದು. ತಮಿಳುನಾಡಿನ ನಮ್ಮಾಳ್ವಾರ್ ಪರಾಂಕುಶನಾಯಕಿಯಾಗಿ, ತಿರುಮಂಗೈ ಆಳ್ವಾರ್ ಪರಕಾಲನಾಯಕಿಯಾಗಿ ವಿರಹವನ್ನು ಹಾಡಿದ್ದರು. ಬಂಗಾಳದ ಗೌಡೀಯ ವೈಷ್ಣವರು ಮುಂದೆ ಗೋಪಿಯರ ಪರಕೀಯಾ ಪ್ರೇಮವನ್ನು, ಎಂದರೆ ಮದುವೆಯಾಚೆಗಿನ ಒಲವನ್ನು, ಎತ್ತಿಹಿಡಿದರೆ, ಶರಣರು ಒತ್ತು ಕೊಟ್ಟದ್ದು ಸತೀತ್ವಕ್ಕೆ. ಒಬ್ಬನೇ ಗಂಡನೆಂಬ ನಿಷ್ಠೆ ಇಲ್ಲಿ ಏಕದೇವನಿಷ್ಠೆಯ ಮಾತಾಗುತ್ತದೆ. ಹಲವು ದೈವಗಳಿಗೆ ಎರಗುವವನನ್ನು ಬಸವಣ್ಣ ಹಾದರಕ್ಕೆ ಹೋಲಿಸಿ ಜರೆಯುವುದು ಈ ಹಿನ್ನೆಲೆಯಲ್ಲಿಯೇ.

ಪುರುಷ ವಚನಕಾರರಲ್ಲಿ ಈ ಭಾವವನ್ನು ಬಿಡದೆ ಹಿಡಿದವರು ಉರಿಲಿಂಗದೇವ ಮತ್ತು ಗಜೇಶ ಮಸಣಯ್ಯ. ಕಾಯುವಿಕೆ, ಮುನಿಸು, ಕೂಟದ ಸುಖ, ಗೆಳತಿಯೊಡನೆ ಹೇಳಿಕೊಳ್ಳುವ ತಳಮಳ ಎಲ್ಲವೂ ಇವರಲ್ಲಿ ಹೆಣ್ಣಿನ ದನಿಯಲ್ಲೇ ಬರುತ್ತವೆ. ಗಂಡಸುತನದ ಅಹಂಕಾರವನ್ನು ಕಳಚಿಡುವುದಕ್ಕೆ ಅವರು ಕಂಡುಕೊಂಡ ದಾರಿಯಿದು. ಅಲ್ಲಿನ ಆರ್ತತೆ ನಿಜವಾದದ್ದು. ಆದರೂ ಹೆಣ್ಣಾಗುವುದರಿಂದ ಲೋಕದಲ್ಲಿ ಅವರು ತೆರಬೇಕಾದ ಬೆಲೆ ಏನೂ ಇರಲಿಲ್ಲ.

ಅಕ್ಕಮಹಾದೇವಿಯದು ಬೇರೆಯೇ ಮಾತು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಆಕೆಗೆ ಚೆನ್ನಮಲ್ಲಿಕಾರ್ಜುನ ಗಂಡನೆಂಬುದು ಬರಿಯ ಉಪಮೆಯಲ್ಲ, ಲೌಕಿಕ ಗಂಡನನ್ನು ನಿರಾಕರಿಸಲು ದೊರೆತ ಬಲ. ಅರಸ ಕೌಶಿಕನೊಡನೆ ಆಕೆಯ ಮದುವೆಯಾಯಿತೆಂದು ಹರಿಹರನ ರಗಳೆ ಹೇಳಿದರೆ, ಆಗಲಿಲ್ಲವೆಂದು ಚಾಮರಸನ ಪ್ರಭುಲಿಂಗಲೀಲೆ ಹೇಳುತ್ತದೆ. ಸಾವು ಕೇಡಿಲ್ಲದವನನ್ನು ಒಲಿದ ಮೇಲೆ ಸಾಯುವ ಗಂಡರು ತನಗೇಕೆ ಎಂಬುದು ಆಕೆಯ ನಿಲುವು. ಅದೇ ಅಕ್ಕ ಇನ್ನೊಂದೆಡೆ, ಹೆಸರಿಗೆ ಹೆಣ್ಣಾದರೂ ಭಾವದಲ್ಲಿ ತಾನು ಗಂಡು ಎನ್ನುತ್ತಾಳೆ. ಗಂಡಸರು ಹೆಣ್ಣಾಗಿ ಹಗುರಾದ ದಾರಿಯಲ್ಲೇ ಅಕ್ಕ ಗಂಡಾಗಿ ಗಟ್ಟಿಯಾದಳು.

ಈ ಭಾವದ ಮಿತಿಯನ್ನೂ ಹೇಳಬೇಕು. ಪತಿ ಮೇಲು, ಸತಿ ಅಧೀನೆ ಎಂಬ ಮನೆಯ ಕಟ್ಟಳೆಯನ್ನು ಅದು ಹಾಗೆಯೇ ದೇವರ ಬಳಿಗೂ ಒಯ್ಯುತ್ತದೆ. ಆ ಕಟ್ಟಳೆಯ ಬುಡಕ್ಕೇ ಕೈಹಾಕಿದ ವಚನಗಳು ಬೇರೆ ಇವೆ. ಮೊಲೆ, ಮುಡಿ, ಗಡ್ಡ, ಮೀಸೆಗಳು ದೇಹದ ಗುರುತುಗಳಷ್ಟೇ, ಒಳಗೆ ಸುಳಿಯುವ ಆತ್ಮ ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ದಾಸಿಮಯ್ಯ ಸಾರಿದ. ಗೊಗ್ಗವ್ವೆಯೂ ಅದೇ ನೆಲೆಯಲ್ಲಿ ನಿಂತು ನುಡಿದಳು. ಸತಿ-ಪತಿಯ ಉಪಮೆಗಿಂತ ಇದು ದಿಟ್ಟವಾದ ಚಿಂತನೆ.

ಏಕನಿಷ್ಠೆಯ ಮಾತು ಮದುವೆಯ ಹೊರಗಿನಿಂದಲೂ ಬಂದಿದೆ. ನಿರ್ಲಜ್ಜೇಶ್ವರ ಅಂಕಿತದ ಸೂಳೆ ಸಂಕವ್ವೆ, ಒಬ್ಬನ ಒತ್ತೆಯ ಹಣ ಹಿಡಿದ ಮೇಲೆ ಮತ್ತೊಬ್ಬನದನ್ನು ಹಿಡಿಯಲಾರೆನೆಂಬ ತನ್ನ ಕಸುಬಿನ ನೇಮದಲ್ಲೇ ಆ ನಿಷ್ಠೆಯನ್ನು ಹೇಳಿದಳು. ಆಕೆಯದೆಂದು ಉಳಿದು ಬಂದಿರುವುದು ಆ ಒಂದೇ ವಚನ.